ಗಡಿ ದಾಟಿಸಿದ ಕುರಿಗಳು

ನಮ್ಮ ಅವ್ವನ ಕುರಿಗಳನ್ನು ಕಟುಕರ ಲಾರಿಗೆ ಹತ್ತಿಸಲು ನಾನೇ ಅವಳನ್ನು ಒಪ್ಪಿಸಬೇಕೆಂದು ನಮ್ಮ ಕುರಿ ತಳಿ ಕೇಂದ್ರದ ಮುಖ್ಯಸ್ಥ ಪ್ರಸಾದ್ ಸರ್ ಹೇಳಿದ್ದು ಜೀಪು ನರಸೀಪುರದ ಸೇತುವೆ ದಾಟುತ್ತಿದ್ದಾಗ. ಹೊಳೆಯ ನೀರು ಈ ವರ್ಷ ಎಷ್ಟು ಕೆಂಪಗಿದೆ ಎಂದು ಹೇಳಿದ ಬೆನ್ನಿಗೇ, ಅದೇ ದನಿಯಲ್ಲಿ, ಇದನ್ನೂ ಹೇಳಿದರು.

“ನಿಮ್ಮೂರು ತೊರೆಹುಂಡಿಯವರು ನಿಮ್ಮ ಮಾತು ಕೇಳ್ತಾರೆ ರಂಜಿನಿ. ನಾನು ಹೇಳಿದ್ರೆ ಅದು ಬೇರೆ ಥರ ಆಗುತ್ತೆ. ಪೇಪರಿನವರು ಬರ್ತಾರೆ, ಜಾತಿ ಬರುತ್ತೆ.”

“ಜಾತಿ ಆಗಲೇ ಬಂದಿದೆ ಸರ್,” ಎಂದೆ.

ಅವರು ಕಿಟಕಿಯಾಚೆ ನೋಡಿದರು. ಡ್ರೈವರ್ ರುದ್ರೇಶ್ ಹಾಡಿನ ಸದ್ದು ಇಳಿಸಿದ.

“ಇದು ನುಸಿಯಿಂದ ಹರಡೋ ರೋಗ. ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹುಂಡಿ ಕುರಿಗಳನ್ನ ಕೊಂದ್ರೆ ಏನು ಬಂತು?” ಎಂದೆ.

“ಗೊತ್ತು. ಆದ್ರೆ ಜನಕ್ಕೆ ನಾವು ಏನೋ ಮಾಡಿದ್ದು ಕಾಣಬೇಕಲ್ಲ. ಅತ್ತಿಕುಪ್ಪೆ ಚಾಮಯ್ಯ ನಮ್ಮ ತಳಿ ಯೋಜನೆಯಿಂದ ಹೊರಗೆ ಹೋಗ್ತೀನಿ ಅಂತಿದ್ದಾರೆ. ಮುಂದಿನ ತಿಂಗಳು ದೆಹಲಿಯಿಂದ ತಪಾಸಣೆಗೆ ಬರ್ತಾರೆ. ಮೂಲ ಮಂದೆಯೇ ಇಲ್ಲ ಅಂದ್ರೆ ಕೇಂದ್ರವೂ ಇಲ್ಲ, ನಿಮ್ಮ ಕೆಲಸವೂ ಇಲ್ಲ.”

ಇಷ್ಟು ಹೇಳಿ ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ಅವರು ನನ್ನ ಮೌನವನ್ನು ಒಪ್ಪಿಗೆ ಎಂದುಕೊಂಡಿರಬೇಕು. ನಮ್ಮ ಮೌನವನ್ನು ಹಾಗೆ ಓದಿಕೊಳ್ಳುವುದು ಬಹಳ ಜನರಿಗೆ ರೂಢಿ.

ನಮ್ಮ ಕೇಂದ್ರ ಇರುವುದು ನಂಜನಗೂಡಿನ ಹೊರಗೆ, ಕಾರ್ಖಾನೆಗಳ ಸಾಲು ಮುಗಿದ ಮೇಲೆ. ಬನ್ನೂರು ಕುರಿಯ ತಳಿ ಅಳಿಯದಂತೆ ಕಾಯುವುದು ಅದರ ಕೆಲಸ. ಗಿಡ್ಡ ಕಾಲು, ಅಗಲ ಬೆನ್ನು, ಹಿಂದಿನಿಂದ ನೋಡಿದರೆ ಮಗುಚಿಟ್ಟ ಕುಕ್ಕೆಯಂತೆ ಕಾಣುವ ತುಂಬಿದ ತೊಡೆ. ಇಂಥ ಅಪ್ಪಟ ಕುರಿ ಈಗ ಕೆಲವೇ ಮಂದೆಗಳಲ್ಲಿ ಉಳಿದಿದೆ. ಅವುಗಳಲ್ಲಿ ಅತ್ತಿಕುಪ್ಪೆಯ ಚಾಮಯ್ಯನವರ ಮಂದೆಯೇ ಮೂಲ ಎಂದು ಕೇಂದ್ರ ತೀರ್ಮಾನಿಸಿತ್ತು. ಅವರ ತಾತನ ಕಾಲದಿಂದ ಆ ಮಂದೆಗೆ ಹೊರಗಿನ ಕುರಿ ಸೇರಿಲ್ಲ. ವರ್ಷಕ್ಕೊಂದು ಚೆಂದದ ಟಗರನ್ನು ಮಂದೆಯಿಂದಲೇ ಆರಿಸಿ, ಮಿಕ್ಕ ಗಂಡುಮರಿಗಳಿಗೆ ಬೀಜ ಒಡೆಸುತ್ತಾರೆ. ಮೈಸೂರಿನಲ್ಲಿ ತಳಿವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ ನನಗೆ ಆ ಕುರಿಗಳ ರಕ್ತ ತೆಗೆದು ವಂಶವಾಹಿ ಓದುವ ಕೆಲಸ.

ಅತ್ತಿಕುಪ್ಪೆಯಿಂದ ನಾಲೆಯ ಮೋರಿ ದಾಟಿದರೆ ತೊರೆಹುಂಡಿ. ನಾನು ಹುಟ್ಟಿದ್ದು ಅಲ್ಲಿ. ಮೋರಿಯ ಪಕ್ಕದಲ್ಲಿ ಗಡಿಕಲ್ಲು ನೆಟ್ಟಿದೆ. ಕಲ್ಲಿನ ಆ ಕಡೆಯವರು ನಮ್ಮ ಊರನ್ನು ಊರು ಎನ್ನುವುದಿಲ್ಲ, ಕೇರಿ ಎನ್ನುತ್ತಾರೆ. ನಮ್ಮ ಕಡೆ ಬುದ್ಧವಿಹಾರ ಕಟ್ಟಿ ಎಷ್ಟೋ ವರ್ಷವಾಗಿದ್ದರೂ ಅಷ್ಟೇ.

ಈ ವರ್ಷ ಮಳೆ ದೀಪಾವಳಿಯವರೆಗೂ ಬಿಡಲಿಲ್ಲ. ಕೊಟ್ಟಿಗೆಗಳ ಮುಂದಿನ ಗಂಜಲದ ಕೆಸರು ಒಣಗಲೇ ಇಲ್ಲ. ಅಂಥ ಕೆಸರಿನಲ್ಲಿ ಸೊಳ್ಳೆಗಿಂತ ಚಿಕ್ಕದಾದ ನುಸಿ ಹುಟ್ಟುತ್ತದೆ. ಅದು ಒಂದು ಕುರಿಯ ರಕ್ತ ಹೀರಿ ಇನ್ನೊಂದನ್ನು ಕಚ್ಚಿದಾಗ ನೀಲಿ ನಾಲಿಗೆ ರೋಗ ಹರಡುತ್ತದೆ. ಮೂತಿ ಊದುತ್ತದೆ, ನಾಲಿಗೆ ನೀಲಿಗಟ್ಟುತ್ತದೆ, ಗೊರಸಿನ ನೋವಿಗೆ ನಿಲ್ಲಲಾರದೆ ಕುರಿ ಮಂಡಿಯೂರುತ್ತದೆ. ಕೇಂದ್ರ ಹಾಕಿಸಿದ್ದ ಲಸಿಕೆ ಬೇರೆ ಬಗೆಯ ವೈರಸ್ಸಿನದು, ಈ ಸಲದ್ದಕ್ಕೆ ನಾಟಲಿಲ್ಲ. ಚಾಮಯ್ಯನವರ ಮಂದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿತ್ತು. ಹುಂಡಿಯಲ್ಲಿ ಕೆಲವು ಕುರಿಗಳು ಒಂದೆರಡು ದಿನ ಮೇವು ಬಿಟ್ಟವು, ಆಮೇಲೆ ತಿಂದವು. ಒಂದೂ ಸಾಯಲಿಲ್ಲ. ಅದೇ ನಮ್ಮ ಅಪರಾಧ.

ಅತ್ತಿಕುಪ್ಪೆಯಲ್ಲಿ ಕುರಿಗೆ ಬರುವ ಎಲ್ಲ ದೊಡ್ಡ ರೋಗಕ್ಕೂ ಮಾರಿ ಎಂಬ ಒಂದೇ ಹೆಸರು. ಮಾರಿ ಬಂದು ಹೋದ ಮೇಲೆ, ರೋಗ ಹಿಡಿದೂ ಸಾಯದೆ ಉಳಿದ ಕುರಿಯನ್ನು ಅವರು ಮಂದೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅದರ ಮೈಯೊಳಗೆ ಮಾರಿ ಕೂತಿರುತ್ತಾಳೆ, ಹಟ್ಟಿಯಲ್ಲಿ ಉಳಿಸಿಕೊಂಡರೆ ಮುಂದಿನ ಸಲ ಅವಳಿಗೆ ದಾರಿ ಹುಡುಕುವ ಕಷ್ಟವೂ ಇಲ್ಲ. ಅಂಥದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಹಣೆಗೆ ಅರಿಶಿನ ಬಳಿದು, ಬೇವಿನ ಸೊಪ್ಪಿನಿಂದ ಮೈ ಸವರಿ, ಗಡಿಕಲ್ಲಿನ ಮುಂದೆ ಕಾಯಿ ಒಡೆದು, ಮೋರಿಯಾಚೆ ತಳ್ಳಿ, ತಿರುಗಿ ನೋಡದೆ ಹೋಗಬೇಕು. ಗಡಿಯಾಚೆ ಯಾರಿದ್ದಾರೆ ಎಂದು ಕೇಳಿಕೊಳ್ಳುವುದು ಆ ಪದ್ಧತಿಯಲ್ಲಿ ಇಲ್ಲ.

ಗಡಿಯಾಚೆ ನಾವಿದ್ದೆವು. ನಮ್ಮಜ್ಜಿ, ಅಜ್ಜಿಯ ಅತ್ತೆ, ಎಲ್ಲರೂ ಆ ಕುರಿಗಳನ್ನು ಹಿಡಿದು ತಂದು ಅರಿಶಿನ ತೊಳೆದು ಸಾಕಿದರು. ಅದರಲ್ಲಿ ಜಾಣತನವೇನೂ ಇರಲಿಲ್ಲ. ಕುರಿ ಕೊಳ್ಳುವ ಶಕ್ತಿ ಇರಲಿಲ್ಲ, ಬಿಟ್ಟಿ ಸಿಕ್ಕಿದವು. ಆ ಪೀಳಿಗೆಗೆ ಅತ್ತಿಕುಪ್ಪೆಯವರು ಮಾರಿಕುರಿ ಎಂದು ಹೆಸರಿಟ್ಟರು. ಸಂತೆಯಲ್ಲಿ ತೊರೆಹುಂಡಿಯ ಕುರಿ ಎಂದರೆ ಈಗಲೂ ದಲ್ಲಾಳಿ ಮೂಗು ಮುರಿಯುತ್ತಾನೆ.

ಓದುವಾಗ ನಮಗೊಂದು ಪಾಠವಿತ್ತು. ದ್ವೀಪದಲ್ಲೋ ಬೇಲಿಯೊಳಗೋ ಒಂಟಿಯಾಗಿ ಉಳಿದ ಸಣ್ಣ ಹಿಂಡುಗಳಲ್ಲಿ, ರೋಗಾಣುವಿನ ಗುರುತು ಹಿಡಿಯುವ ವಂಶವಾಹಿಗಳ ಬಗೆಗಳು ಪೀಳಿಗೆಯಿಂದ ಪೀಳಿಗೆಗೆ ಕಳೆದುಹೋಗುತ್ತವೆ. ಎಲ್ಲವೂ ಒಂದೇ ಅಚ್ಚಿನವಾಗುತ್ತವೆ. ಆದರೆ ಕೆಲವೊಮ್ಮೆ ರೋಗವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಅಪರೂಪದ ಬಗೆ ಇರುವ ಪ್ರಾಣಿ ಬದುಕಿ ಮರಿ ಹಾಕುತ್ತದೆ, ಇನ್ನೊಂದು ರೋಗ ಬಂದಾಗ ಇನ್ನೊಂದು ಬಗೆ ಬದುಕುತ್ತದೆ, ಹೀಗೆ ಹಲವು ಬಗೆಗಳು ಹಿಂಡಿನಲ್ಲಿ ಉಳಿದುಕೊಳ್ಳುತ್ತವೆ. ಮೇಷ್ಟ್ರು ಯಾವುದೋ ಸಮುದ್ರದ ನಡುವಿನ ದ್ವೀಪದ ಚಿತ್ರ ತೋರಿಸುತ್ತಿದ್ದರು. ನಾನು ನಮ್ಮ ಮೋರಿಯನ್ನು ನೋಡುತ್ತಿದ್ದೆ. ಅತ್ತಿಕುಪ್ಪೆಗೆ ಬಂದ ಒಂದೊಂದು ಮಾರಿಯೂ ಒಂದೊಂದು ಬಗೆಯ ಕುರಿಯನ್ನು ಉಳಿಸಿತ್ತು. ಉಳಿದದ್ದೆಲ್ಲ ನಮ್ಮ ಕಡೆ ಬಂದಿತ್ತು. ಮಾರಿಯನ್ನು ಎಂದೂ ಎದುರಿಸದ ಕುರಿಗಳನ್ನು ಅವರು ಆರಿಸಿ ಆರಿಸಿ ಮನೆಯಲ್ಲಿಟ್ಟುಕೊಂಡಿದ್ದರು.

ಹೋದ ವರ್ಷ, ಎಲ್ಲೂ ರೋಗವಿಲ್ಲದಾಗ, ಭಾನುವಾರಗಳಲ್ಲಿ ಊರಿಗೆ ಹೋಗಿ ಹುಂಡಿಯ ಕುರಿಗಳ ರಕ್ತವನ್ನೂ ತೆಗೆದೆ. ಕೇಂದ್ರದ ಸಭೆಯಲ್ಲಿ ಗ್ರಾಫ್ ತೋರಿಸಿದೆ. ಅತ್ತಿಕುಪ್ಪೆಯ ಚುಕ್ಕೆಗಳೆಲ್ಲ ಒಂದರ ಮೇಲೊಂದು ರಾಗಿ ರಾಶಿಯಂತೆ ಬಿದ್ದಿದ್ದವು. ಹುಂಡಿಯವು ತೆರೆಯ ತುಂಬ ಚೆಲ್ಲಿದ್ದವು. ಪ್ರಸಾದ್ ಸರ್ ಒಂದು ಗಳಿಗೆ ನೋಡಿದರು.

“ಇದು ಬೆರಕೆ ತಳಿ. ನಮ್ಮ ಯೋಜನೆ ಶುದ್ಧ ತಳಿಯದು,” ಎಂದು ಕೈಚಾಚಿ ಮುಂದಿನ ಸ್ಲೈಡಿಗೆ ತಾವೇ ದಾಟಿಸಿದರು. ಸುತ್ತ ಕೂತವರು ಟೀ ಲೋಟ ನೋಡಿಕೊಂಡರು. ಒಂದು ಮೋರಿಯ ಆಚೆಗೂ ಈಚೆಗೂ ಇರುವ ಕುರಿಗಳು, ಒಂದೇ ಅಜ್ಜಿಯ ಮೊಮ್ಮಕ್ಕಳು. ತಳ್ಳಿಸಿಕೊಂಡದ್ದು ಬೆರಕೆ, ತಳ್ಳಿದವರ ಮನೆಯದು ಶುದ್ಧ!

ಜೀಪು ಅತ್ತಿಕುಪ್ಪೆಗೆ ಮುಟ್ಟಿದಾಗ ಚಾಮಯ್ಯನವರ ಹಟ್ಟಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಕೆಸರು. ಕೊಟ್ಟಿಗೆಯ ಮೂಲೆಯಲ್ಲಿ ಅವರ ಹೆಂಡತಿ ಚಿನ್ನಮ್ಮ ಒಂದು ಕುರಿಯ ತಲೆಯನ್ನು ಮಡಿಲಿಗೆ ಹಾಕಿಕೊಂಡು ಬಿದಿರಿನ ಗೊಟ್ಟದಲ್ಲಿ ಗಂಜಿ ಕುಡಿಸುತ್ತಿದ್ದರು. ಕುರಿಯ ಮೈಗೂದಲು ಹಿಡಿಹಿಡಿಯಾಗಿ ಉದುರಿತ್ತು. ಆದರೂ ನುಂಗುತ್ತಿತ್ತು. ಗೋಡೆಯ ಮೇಲೆ ಮೇಳಗಳಲ್ಲಿ ಗೆದ್ದ ಟಗರುಗಳ ಫೋಟೋ ಸಾಲಾಗಿ ನಗುತ್ತಿದ್ದವು.

“ನೋಡಿ ಸಾ ನಮ್ ಗತಿಯ,” ಎಂದರು ಚಾಮಯ್ಯ. “ಆಚೆ ಕಡೆ ಕುರಿಗೋಳು ಒಂದಾದ್ರೂ ಬಿತ್ತಾ? ಬೀಳಾಕಿಲ್ಲ. ಮಾರಿ ತನ್ ಮನೆಯ ತಾನೇ ಸುಟ್ಕತಾಳಾ?”

ಪ್ರಸಾದ್ ಸರ್ ತಲೆಯಾಡಿಸಿದರು. ವಿಜ್ಞಾನಿಯಾಗಿದ್ದೂ ತಲೆಯಾಡಿಸಿದರು.

ಚಾಮಯ್ಯ ನನ್ನ ಕಡೆ ತಿರುಗಿದರು. “ಏನವ್ವ, ಸಾಕಿ ಮಗಳು ಅಲ್ವಾ ನೀನು? ನಿಮ್ಮವ್ವಂಗೆ ವಸಿ ಬುದ್ದಿ ಯೋಳು. ಲಾರಿ ತರ್ಸಿವ್ನಿ. ಮರ್ಯಾದೇಲಿ ತುಂಬುಸ್ಬುಟ್ರೆ ಬಂದಷ್ಟು ದುಡ್ಡಾದ್ರೂ ಸಿಕ್ತದೆ.”

ನಮ್ಮವ್ವ ಸಾಕಮ್ಮ ಇವರಿಗಿಂತ ದೊಡ್ಡವಳು. ಇವರ ಮದುವೆಯ ಚಪ್ಪರಕ್ಕೆ ಸೊಪ್ಪು ಹೊತ್ತವಳು.

“ಸಾಕಮ್ಮ,” ಎಂದೆ.

“ಆಂ?”

“ನಮ್ಮವ್ವನ ಹೆಸರು ಸಾಕಮ್ಮ.”

ಚಾಮಯ್ಯ ನಕ್ಕು ಪ್ರಸಾದ್ ಸರ್ ಮುಖ ನೋಡಿದರು. ಅವರೂ ನಕ್ಕರು. ಚಿನ್ನಮ್ಮ ಮಾತ್ರ ಗೊಟ್ಟವನ್ನು ಹಾಗೇ ಹಿಡಿದು ನನ್ನನ್ನು ನೋಡುತ್ತಿದ್ದರು.

ಎಲ್ಲರೂ ಮೋರಿಗೆ ನಡೆದೆವು. ಲಾರಿ ಆಗಲೇ ಬಂದು ಹಿಂದಿನ ಬಾಗಿಲು ಇಳಿಬಿಟ್ಟುಕೊಂಡು ನಿಂತಿತ್ತು. ಈಚೆ ಹುಂಡಿಯವರು, ಆಚೆ ಅತ್ತಿಕುಪ್ಪೆಯವರು. ಅವ್ವ ಮೋರಿಯ ಕಟ್ಟೆಯ ಮೇಲೆ ಸೊಪ್ಪಿನ ಹೊರೆ ಇಳಿಸಿ ಕೂತಿದ್ದಳು. ಅವಳ ಹಿಂದೆ ನಮ್ಮ ಕುರಿಗಳು ಕೆರೆಯಂಗಳದಲ್ಲಿ ಮೇಯುತ್ತಿದ್ದವು. ಅಣ್ಣ ಸಿದ್ದು ಕಾರ್ಖಾನೆಯ ಪಾಳಿ ಬಿಟ್ಟು, ಅದೇ ನೀಲಿ ಅಂಗಿಯಲ್ಲಿ ಬಂದಿದ್ದ. ನಮ್ಮ ಹಿರಿಯ ಪುಟ್ಟಬಸವಯ್ಯ ಕಂಡವರಿಗೆಲ್ಲ ಕೈ ಮುಗಿಯುತ್ತಿದ್ದ.

ಅಷ್ಟರಲ್ಲಿ ಚಾಮಯ್ಯನ ಕಡೆಯವರು ರೋಗದಿಂದ ಎದ್ದ ಕುರಿಗಳನ್ನು ಹಗ್ಗ ಹಿಡಿದು ಎಳೆದು ತಂದರು. ಹಣೆಗೆ ಅರಿಶಿನ. ಅವು ಕುಂಟುತ್ತಿದ್ದವು, ಆದರೆ ದಾರಿಯ ಬದಿಯ ಗರಿಕೆಗೆ ಬಾಯಿ ಹಾಕುತ್ತಿದ್ದವು. ಚಿನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆಯೇ ಬಂದರು.

ಸಿದ್ದು ಕಣ್ಣರಳಿಸಿದ. “ಇದೊಳ್ಳೆ ಕತೆಯಾಯ್ತಲ್ಲ ಯಜಮಾನ್ರೇ! ನಮ್ಮವ್ನ ಲಾರಿಗೆ ತುಂಬಿ ಅಂತೀರಿ, ನಿಮ್ಮವ್ನ ನಮ್ ಕಡೀಕೇ ತಳ್ತೀರಿ. ಲಾರಿಯೋನ್ಗೆ ಎಲ್ಡು ಸಲ ತುಂಬೋ ಕೆಲ್ಸ ಯಾಕೆ, ನೆಟ್ಟಗೆ ನಿಮ್ಮವ್ನೂ ಅತ್ತಿಸ್ಬುಡಿ.”

“ಅದು ಬೇರೆ, ಇದು ಬೇರೆ ಕಣ್ಲಾ. ಇದು ದೇವ್ರ ಕೆಲ್ಸ.”

“ಓ, ದೇವ್ರುದಾ? ಅಂಗಾದ್ರೆ ಬುಡಿ, ನಮ್ದು ಬರೀ ಮಟನ್ನು.”

ಎರಡೂ ಕಡೆ ಕೆಲವರು ನಕ್ಕರು. ಪ್ರಸಾದ್ ಸರ್ ಗಂಟಲು ಸರಿಮಾಡಿಕೊಂಡರು.

“ನೋಡಿ, ಇದು ಯಾರ ತಪ್ಪೂ ಅಲ್ಲ. ರೋಗ ಹರಡಬಾರದು ಅಂದ್ರೆ ಕೆಲವು ಕ್ರಮ ತಗೋಬೇಕಾಗುತ್ತೆ. ಅದನ್ನ ನಿಮ್ಮ ಹುಡುಗಿ ರಂಜಿನಿಯೇ ನಿಮಗೆ ಬಿಡಿಸಿ ಹೇಳ್ತಾಳೆ. ಹೇಳು ರಂಜಿನಿ.”

ಮೂರು ವರ್ಷ ನೀವು ಎಂದವರು ಮೋರಿಯ ಹತ್ತಿರ ಬಂದೊಡನೆ ನೀನು ಎಂದರು. ಅವರಿಗೆ ಅದು ತಿಳಿದೂ ಇರಲಿಕ್ಕಿಲ್ಲ. ಜಾಗವೇ ಅವರ ಬಾಯಲ್ಲಿ ಅದನ್ನು ಆಡಿಸಿತು.

ನಾನು ಅವ್ವನನ್ನು ನೋಡಿದೆ. ಅವಳು ಏನೂ ಕೇಳುತ್ತಿರಲಿಲ್ಲ, ಬೇಡುತ್ತಿರಲಿಲ್ಲ. ನಾನು ಯಾರ ಪರ ಮಾತಾಡುತ್ತೇನೆ ಎಂಬುದು ಅವಳಿಗೆ ನಿಜವಾಗಿಯೂ ಗೊತ್ತಿಲ್ಲ ಎಂದು ಆ ಮುಖದಲ್ಲಿ ಕಂಡಿತು. ಕೇಂದ್ರದ ಭಾಷೆ ಬಿಟ್ಟುಹೋಯಿತು.

“ಎಲ್ರೂ ಕೇಳಿ,” ಎಂದೆ. “ಈ ಕಾಯ್ಲೆ ತರೋದು ನುಸಿ. ಆ ನುಸಿ ಉಟ್ಟಾದು ಯಜಮಾನ್ರ ಕೊಟ್ಟಿಗೆ ಮುಂದ್ಲ ಕೆಸ್ರಲ್ಲಿ. ಸಾರ್‌ಗೂ ಗೊತ್ತು, ಜೀಪಲ್ಲಿ ನನ್ ತಾವ ಒಪ್ಕಂಡವ್ರೆ. ನಮ್ ಕುರೀನೆಲ್ಲ ಇವತ್ತೇ ಕೊಯ್ದಾಕುದ್ರೂ ನಾಳೆ ಆ ನುಸಿ ಕಚ್ಚಾದು ಬುಡಾಕಿಲ್ಲ.”

“ರಂಜಿನೀ...” ಎಂದರು ಪ್ರಸಾದ್ ಸರ್.

“ನೀವೇ ಯೋಳು ಅಂದ್ರಲ್ಲ ಸಾ, ಯೋಳ್ತಾವ್ನಿ. ನಮ್ ಕುರಿ ಯಾಕೆ ಸಾಯಲಿಲ್ಲ? ರಾಗಿ ಜರಡಿ ಇಡೀತೀರಲ್ಲ, ಒಂದೇ ಜರಡಿ ಮಡಿಕಂಡ್ರೆ ಅದ್ರ ಕಣ್ಣಿಗಿಂತ ಸಣ್ಣದೆಲ್ಲ ಜಾರೋಯ್ತದೆ. ತರಾವರಿ ಜರಡಿ ಇದ್ರೆ ಯಾವ್ದಾರ ಒಂದು ಇಡ್ದೇ ಇಡೀತದೆ. ಕಾಯ್ಲೆ ಇಡಿಯೋ ಜರಡಿ ಕುರಿ ರಕ್ತದಲ್ಲೂ ಅವೆ. ಅವ್ವ ಅಪ್ಪನಿಂದ ಮರೀಗೆ ಬತ್ತವೆ. ಯಜಮಾನ್ರ ಮಂದೇಲಿ ಎಲ್ಲಕ್ಕೂ ಒಂದೇ ಜರಡಿ. ಬ್ಯಾರೆ ಜರಡಿ ಇದ್ದಿದ್ವು ಇರ್ಲಿಲ್ವಾ? ಇದ್ವು. ಒಂದೊಂದು ಮಾರಿ ಬಂದಾಗ್ಲೂ ಅವೇ ಬದುಕಿದ್ದು. ಅವ್ನೇ ನೀವು ಅರಿಶಿನ ಬಳ್ದು ಈ ಮೋರಿ ದಾಟ್ಸಿದ್ದು. ನಿಮ್ ತಾತ ದಾಟ್ಸಿದ್ರು, ನಿಮ್ಮಪ್ಪ ದಾಟ್ಸಿದ್ರು, ಈಗ ನೀವು. ನೀವು ಮಾರೀನ ತಳ್ಳಿಲ್ಲ ಯಜಮಾನ್ರೇ. ಮಾರಿ ಕೂಡೆ ಬಡಿದಾಡಿ ಗೆದ್ದಿದ್ನ ತಳ್ಬುಟ್ಟು, ಅವಳ ಕಣ್ಣಿಗೇ ಬೀಳ್ದೆ ಇದ್ದಿದ್ನ ಮನೇಲಿ ಮಡಿಕಂಡು ಪ್ರೈಜ್ ತಕ್ಕಂಡ್ರಿ.”

ನಾಲೆಯ ನೀರು ಮೋರಿಯೊಳಗೆ ನುಗ್ಗುವ ಸದ್ದು ಕೇಳಿಸುತ್ತಿತ್ತು. ಸಭೆಯಲ್ಲಿದ್ದವರಂತೆ ಇವರು ಕಣ್ಣು ತಪ್ಪಿಸಲಿಲ್ಲ. ಜನ ಕುರಿಗಳನ್ನು ನೋಡುತ್ತಿದ್ದರು, ಆಚೆಯವನ್ನೂ ಈಚೆಯವನ್ನೂ, ಮೊದಲ ಸಲ ನೋಡುವವರಂತೆ.

“ಅವಕ್ಕೆ ಮೊದಲೇ ರೋಗ ಬಂದು ಹೋಗಿರಬಹುದು. ಅಷ್ಟಕ್ಕೆ ಇಷ್ಟು ದೊಡ್ಡ ಮಾತು ಬೇಡ,” ಎಂದರು ಪ್ರಸಾದ್ ಸರ್ ತಗ್ಗಿದ ದನಿಯಲ್ಲಿ, ನನಗೆ ಮಾತ್ರ.

“ಹೋದ ವರ್ಷ ಹುಟ್ಟಿದವೂ ಸತ್ತಿಲ್ಲ ಸರ್. ಅವಕ್ಕೆ ಮೊದಲೇ ರೋಗ ಎಲ್ಲಿಂದ ಬರುತ್ತೆ? ಅವುಗಳ ರಕ್ತ ಆಗಲೇ ನಿಮಗೆ ತೋರಿಸಿದ್ದೆ. ನೀವು ಸ್ಲೈಡ್ ದಾಟಿಸಿದಿರಿ.”

ಚಾಮಯ್ಯನ ಮುಖ ಕೆಂಪಾಗಿತ್ತು. “ನಾಕಕ್ಷರ ಕಲ್ತ್ಬುಟ್ಟು ನಮ್ ದೇವ್ರ ಮೇಲೇ ಬಂದ್ಯಾ? ಕೇಳ್ತಾ ಇದ್ದೀಯೇನೋ ಪುಟ್ಬಸ್ವಾ?”

ಪುಟ್ಟಬಸವಯ್ಯ ಓಡಿಬಂದು ಬಗ್ಗಿದ. “ಚಿಕ್ ಕೂಸು ಬುದ್ದಿ, ಒಟ್ಟೆಗಾಕಳಿ.”

“ಯಾಕೆ ಒಟ್ಟೆಗಾಕೋಬೇಕು?” ನನ್ನ ಕೂಗು ನನಗೇ ಅಪರಿಚಿತವಾಗಿತ್ತು. “ತಾತ, ನೀನು ಬಗ್ಗಬ್ಯಾಡ. ಕುರಿ ಸತ್ತಿರೋದು ಅವ್ರುದು, ಬಗ್ಗೋನು ನೀನಾ?”

ಆ ಮುದುಕನ ಮೇಲೆ ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಅವನ ಬೆನ್ನನ್ನು ಹಾಗೆ ಬಗ್ಗಿಸಿದವರ ಮೇಲೆ. ಎರಡೂ ಒಂದೇ ದನಿಯಲ್ಲಿ ಹೊರಬಂದದ್ದಕ್ಕೆ ಅವನು ಬೆಚ್ಚಿ ಹಿಂದೆ ಸರಿದ.

ಆಗ ಚಿನ್ನಮ್ಮ ಮುಂದೆ ಬಂದರು. ಹಗ್ಗ ಹಿಡಿದಿದ್ದವನ ಕೈಯಿಂದ ಹಗ್ಗ ಕಿತ್ತುಕೊಂಡರು.

“ಇವ್ನ ನಾನು ಬುಡಾಕಿಲ್ಲ.”

“ಏ, ನಿಂಗೇನ್ ಬಂತು? ಮಾರಿ ಮುಟ್ಟಿದ್ನ ಹಟ್ಟಿಗೆ ಇಡ್ಕಂಡೋದೀಯಾ?”

“ಮುಟ್ಟಿದ್ಲಲ್ಲ, ಆಮೇಲೆ ಬುಟ್ಟೂ ಓದ್ಲಲ್ಲ? ನೀವು ಸತ್ತವ್ಕೆ ಗುಂಡಿ ತೋಡ್ಸ್ತಾ ಇದ್ರಿ. ಬಾಯಿಗೆ ಗೊಟ್ಟ ಇಟ್ಟೋಳು ನಾನು. ಒಂದೊಂದು ಗುಟುಕ ನುಂಗಾದ ನೋಡ್ದೋಳು ನಾನು. ಬದುಕ್ಸಿ ತಂದು ಇಲ್ಲಿ ತಳ್ಳಾಕಾ?” ಅವರು ಸೆರಗಿನ ತುದಿಯಿಂದ ಒಂದು ಕುರಿಯ ಹಣೆಯ ಅರಿಶಿನ ಒರೆಸಿದರು. ಒರಟಾಗಿ, ಮಗುವಿನ ಮೂಗು ಒರೆಸುವ ಹಾಗೆ. “ನಡೀರೇ ಮನೇಗೆ.”

ಅತ್ತಿಕುಪ್ಪೆಯವರು ದಾರಿ ಬಿಟ್ಟರು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಲಾರಿ ಖಾಲಿ ಹೋಗುತ್ತದೆ, ನಾವು ಗೆದ್ದೆವು ಎಂದುಕೊಂಡೆ. ಪ್ರಸಾದ್ ಸರ್ ಅಷ್ಟು ಹೊತ್ತು ನಮ್ಮ ಕುರಿಗಳನ್ನೇ ನೋಡುತ್ತಿದ್ದರು. ಅವರ ಮುಖ ನಿಧಾನವಾಗಿ ಅರಳತೊಡಗಿತ್ತು. ಅದನ್ನು ಕಂಡಾಗಲೇ ನನಗೆ ಭಯವಾಗಬೇಕಿತ್ತು.

“ರಂಜಿನಿ ಹೇಳಿದ್ರಲ್ಲಿ ಅರ್ಥ ಇದೆ,” ಎಂದರು ಎಲ್ಲರಿಗೂ ಕೇಳುವಂತೆ. “ಚಾಮಯ್ಯನವರೇ, ಇವು ಮೂಲದಲ್ಲಿ ನಿಮ್ಮ ಮಂದೆಯವೇ ತಾನೆ? ಅಂದ್ರೆ ಅತ್ತಿಕುಪ್ಪೆ ತಳಿಯ ರೋಗ ತಡೆಯೋ ಶಾಖೆ ಇದು. ಕಳೆದುಹೋಗಿದ್ದು ಸಿಕ್ಕಿದ ಹಾಗಾಯ್ತು. ಟಗರುಗಳನ್ನ, ಒಳ್ಳೆ ಕುರಿಗಳನ್ನ ಕೇಂದ್ರಕ್ಕೆ ತಗೊಂಡು ಹೋಗೋಣ. ಅಲ್ಲಿ ಸಂರಕ್ಷಣೆ ಮಾಡಿ ನಿಮ್ಮ ಮಂದೆಯನ್ನ ಮತ್ತೆ ಕಟ್ಟೋಣ. ಹುಂಡಿಯವರಿಗೂ ಏನಾದ್ರೂ ಪರಿಹಾರ ಕೊಡಿಸ್ತೀನಿ. ಲಾರಿ ಹೇಗೂ ಬಂದಿದೆ.”

ಲಾರಿ ಹೇಗೂ ಬಂದಿದೆ! ಒಂದು ಗಳಿಗೆಯ ಹಿಂದೆ ಕೊಲ್ಲಲು ನಿಂತಿದ್ದ ಲಾರಿ ಈಗ ಉಳಿಸಲು ನಿಂತಿತ್ತು. ಬಾಗಿಲು ಇಳಿಬಿಟ್ಟದ್ದು ಹಾಗೇ ಇತ್ತು. ನಾನೇ ಬಾಯಿಬಿಟ್ಟು ಆ ಕುರಿಗಳಿಗೆ ಬೆಲೆ ತಂದಿದ್ದೆ. ಬೆಲೆ ಬಂದ ಕ್ಷಣವೇ ಅವು ನಮ್ಮವಾಗಿ ಉಳಿಯಲಿಲ್ಲ. ಕಾಯಿಲೆ ಇರುವಷ್ಟು ಕಾಲ ಅದು ಹುಂಡಿಯದು, ಗುಣ ಕಂಡ ಮೇಲೆ ಅತ್ತಿಕುಪ್ಪೆಯದು.

ಚಾಮಯ್ಯ ಮೆಲ್ಲಗೆ ಮೀಸೆ ಸವರಿಕೊಂಡರು. “ಅಂಗಂತೀರಾ ಸಾ? ಅದೂ ಸರೀನೇ. ನಮ್ ತಾತನ ಕುರಿಗೋಳು ತಾನೆ.”

ಆಗ ಅವ್ವ ಕಟ್ಟೆಯಿಂದ ಇಳಿದಳು.

“ಲಾರಿಗೆ ಅತ್ತಿಸೋದ್ ಬುಟ್ರೆ ನಿಮ್ಗೆ ಬ್ಯಾರೆ ಕಸುಬೇ ಇಲ್ವಾ ಸಾಮಿ?” ಎಂದಳು ಪ್ರಸಾದ್ ಸರ್‌ಗೆ. ಆಮೇಲೆ ಚಾಮಯ್ಯನ ಕಡೆ ತಿರುಗಿದಳು. “ನನ್ ಮಗಳು ಯೋಳಿದ್ದು ನಂಗೆ ಅರ್ದ ತಿಳೀತು, ಅರ್ದ ತಿಳೀಲಿಲ್ಲ. ಜರಡಿಯೋ ಮಂಕರಿಯೋ ನಂಗೊತ್ತಿಲ್ಲ. ನಮ್ಮತ್ತೆ ಇಡ್ಕಂಡ್ ಬಂದ್ರು, ನಾನು ಸಾಕ್ದೆ. ನೀವು ತಳ್ದಾಗ ತಿರುಗಿ ನೋಡ್ಲಿಲ್ಲ. ಈಗ ಯಾಕ್ ತಿರುಗ್ತೀರಿ?”

“ಅಲ್ಲ ಸಾಕಿ, ನಾನೇನ್ ಬಿಟ್ಟಿ ಕೇಳ್ತಾ ಇಲ್ಲ...”

“ನಮ್ ಟಗರು ಮೋರಿ ದಾಟಾಕಿಲ್ಲ. ಬೇಕಾದೋರು ಕುರಿ ಇಡ್ಕಂಡು ಇಲ್ಗೇ ಬರ್ಲಿ. ನಮ್ ಬೀದೀಗೆ, ನಮ್ಮಟ್ಟಿ ಬಾಗ್ಲಿಗೆ. ಕಟ್ಟಾಕಿ, ಕುಂತು, ಕಾದು, ಇಡ್ಕಂಡೋಗ್ಲಿ. ಬರೋ ಅಂಗಿದ್ರೆ ಇಲ್ಲ ಅನ್ನಾಕಿಲ್ಲ.”

“ನಾನು? ನಿಮ್ ಕೇರೀಗಾ?”

ಅವ್ವ ಸೊಪ್ಪಿನ ಹೊರೆ ಎತ್ತಿಕೊಡು ಎಂದು ಸಿದ್ದುವಿಗೆ ಸನ್ನೆ ಮಾಡಿದಳು. ಹೊರೆ ತಲೆಗೇರಿದ ಮೇಲೆ ಕುರಿಗಳನ್ನು ಕೂಗಿ ಹೊರಟೇಬಿಟ್ಟಳು. ಸಿದ್ದು ಮತ್ತು ನಮ್ಮ ಬೀದಿಯ ಹುಡುಗರು ಲಾರಿಗೂ ಕುರಿಗಳಿಗೂ ನಡುವೆ ಸಾಲಾಗಿ ನಡೆದರು. ಯಾರೂ ಕೈ ಮಾಡಲಿಲ್ಲ, ಮಾಡುವ ಹಾಗೂ ಇರಲಿಲ್ಲ.

“ಜೀಪ್ ಹತ್ತು ರಂಜಿನಿ,” ಎಂದರು ಪ್ರಸಾದ್ ಸರ್.

“ನೀವು ಹೊರಡಿ.”

“ಸೋಮವಾರ ಮಾತಾಡೋಣ.”

ಸೋಮವಾರ ಮಾತಾಡಲು ಏನೂ ಇರಲಿಲ್ಲ. ನನ್ನ ಅವಧಿ ಮುಗಿದಿದೆ, ಮುಂದುವರಿಸುವುದಿಲ್ಲ ಎಂದರು. ನಾನು ತೆಗೆದ ರಕ್ತದ ಮಾದರಿಗಳು ಕೇಂದ್ರದ ಸ್ವತ್ತು ಎಂದರು. ಹುಂಡಿಯ ಕುರಿಗಳದ್ದೂ ಎಂದು ಒತ್ತಿ ಹೇಳಿದರು. ಬೆರಕೆ ಎಂದು ಅವರೇ ತೆಗೆದುಹಾಕಿದ್ದಲ್ಲವೇ ಎಂದು ಕೇಳಿದೆ. ಅವರು ಟೇಬಲ್ಲಿನ ಮೇಲಿನ ಗಾಜಿನ ಗುಂಡನ್ನು ತಿರುಗಿಸುತ್ತಾ ಕೂತರು.

ಈಗ ನರಸೀಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಊರಿನಿಂದಲೇ ಬಸ್ಸಿನಲ್ಲಿ ಓಡಾಟ. ಅತ್ತಿಕುಪ್ಪೆಯಲ್ಲಿ ಆಮೇಲೂ ಕುರಿಗಳು ಸತ್ತವು. ಬಹುಮಾನದ ಟಗರೂ ಸತ್ತಿತು. ಕೆಸರಿಗೆ ಮಣ್ಣು ಹಾಕಿಸಿದ್ದಾರೆ ಎಂದು ಕೇಳಿದೆ. ನಾನು ಹೇಳಿದ್ದರಲ್ಲಿ ಅಷ್ಟನ್ನು, ಯಾರು ಹೇಳಿದ್ದೆಂದು ನೆನೆಯದೆ, ಮಾಡಿರಬೇಕು. ಚಾಮಯ್ಯ ಬರಲಿಲ್ಲ. ಆ ದಿನ ಅವ್ವನ ಮಾತು ನಾಟಿತು ಎಂದು ಹುಂಡಿಯಲ್ಲಿ ಎಲ್ಲರೂ ಹೆಮ್ಮೆಪಟ್ಟರು. ನನಗೆ ಹೆಮ್ಮೆ ಬರಲಿಲ್ಲ. ಒಬ್ಬ ಮನುಷ್ಯ ಮಂದೆ ಪೂರ್ತಿ ಮಣ್ಣುಪಾಲಾಗಲಿ, ಹತ್ತು ಮಾರು ಮೋರಿ ದಾಟುವುದಿಲ್ಲ ಎನ್ನುತ್ತಾನಲ್ಲ, ಅದನ್ನು ನೆನೆದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಕುರಿಗಳಿಗಾದರೂ ಆ ಗಡಿ ಯಾರೋ ಹಾಕಿದ್ದು.

ಸಂಕ್ರಾಂತಿ ಕಳೆದ ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಬೀದಿಯಲ್ಲಿದ್ದ ಹೊತ್ತಿನಲ್ಲಿ, ಚಿನ್ನಮ್ಮ ಬಂದರು. ತಮ್ಮ ಕೈಯಲ್ಲಿ ಬದುಕಿದ ಕುರಿಗಳನ್ನು ಹಗ್ಗ ಹಿಡಿದು ಮೋರಿ ದಾಟಿ, ವಿಹಾರದ ಮುಂದಿನಿಂದ ಹಾದು, ನಮ್ಮ ಬಾಗಿಲಿಗೆ. ಕುರಿಗಳಿಗೆ ಹೊಸ ಕೂದಲು ಬಂದಿತ್ತು.

“ಬಿಸ್ಲಲ್ಲಿ ಬಂದ್ಬುಟ್ಟೆ ಸಾಕಮ್ಮಕ್ಕ,” ಎಂದರು. “ಇವು ಬೆದೆಗೆ ಬಂದವೆ.”

ಅವ್ವ ಟಗರನ್ನು ಬಿಟ್ಟಳು. ಚಿನ್ನಮ್ಮ ಜಗಲಿಯ ಮೇಲೆ ಕೂತರು. ನಾನು ಮಜ್ಜಿಗೆ ಕೊಟ್ಟೆ. ಅವರು ಲೋಟವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಕುಡಿದರು. ಆ ಸ್ವಲ್ಪ ಹೊತ್ತನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು.

“ಏನ್ ಕೊಡ್ಬೇಕಕ್ಕ?” ಎಂದರು ಅವ್ವನಿಗೆ.

“ಏನೂ ಬ್ಯಾಡ. ಇವುದ್ರ ಮರೀಗೆ ನಾಳೆ ಕಾಯ್ಲೆ ಬತ್ತದೆ ಅನ್ನು. ಬಂದು ಉಳ್ಕಂಡ್ರೆ ಅಟ್ಟೀಲೇ ಮಡಿಕಬೇಕು. ಕಾಯಿ ಒಡ್ಯಂಗಿಲ್ಲ.”

“ಮಡಿಕತೀನಿ.”

“ನಿಮ್ ಯಜಮಾನ್ರು?”

ಚಿನ್ನಮ್ಮ ಗಲ್ಲ ಎತ್ತಿ ನಾಲೆಯ ಕಡೆ ತೋರಿಸಿದರು. ಮೋರಿಯ ಆಚೆ ದಡದಲ್ಲಿ ಚಾಮಯ್ಯ ಬೈಕಿನ ಮೇಲೆ ಕೂತಿದ್ದರು. ಹೆಂಡತಿಯನ್ನು ತಡೆಯಲು ಬಂದವರೋ, ಕರೆದುಕೊಂಡು ಹೋಗಲು ಬಂದವರೋ ತಿಳಿಯಲಿಲ್ಲ.

ಒಂದು ಟಗರಿನಿಂದ ಒಂದು ಮಂದೆ ಬದಲಾಗುವುದಿಲ್ಲ ಎಂದು ನನಗೆ ಗೊತ್ತು. ಕಳೆದುಹೋದದ್ದು ಮರಳಲು ಎಷ್ಟೋ ಪೀಳಿಗೆ ಬೇಕು, ಮರಳದೆಯೂ ಇರಬಹುದು. ಆ ಹೊತ್ತಿಗೆ ನಾನು ಶಾಂತಳಾಗಬೇಕಿತ್ತೇನೋ. ಆಗಲಿಲ್ಲ. ಬೀದಿಯ ಕೊನೆಗೆ ಹೋಗಿ ನಿಂತು, ಇಡೀ ಹುಂಡಿಗೆ ಕೇಳುವಂತೆ ಕೂಗಿದೆ.

“ಚಾಮಯ್ಯನೋರೇ, ಬಿಸ್ಲಲ್ಲಿ ಯಾಕ್ ನಿಂತಿದ್ದೀರಿ? ಬನ್ನಿ. ಮಜ್ಜಿಗೆ ಅದೆ.”

ಅವರಿಗೆ ಕೇಳಿಸಿತು. ತಲೆಯೆತ್ತಿ ನೋಡಿದರು. ಬೈಕಿನಿಂದ ಇಳಿದರು, ಸ್ಟ್ಯಾಂಡ್ ಹಾಕಿದರು, ಗಡಿಕಲ್ಲಿನವರೆಗೆ ಬಂದರು. ಅಲ್ಲಿ ನಿಂತರು. ಬೀದಿಯಲ್ಲಿದ್ದವರೆಲ್ಲ ಅತ್ತ ತಿರುಗಿದರು.

ಅವರು ಬರಲೂ ಇಲ್ಲ, ಹೋಗಲೂ ಇಲ್ಲ. ನಾನು ಎರಡನೇ ಸಲ ಕರೆಯಲಿಲ್ಲ.